ರಾತ್ರಿಯ ಓದೋ, ಬೆಳಗಿನ ಜಾವದ ಓದೋ?

ಹತ್ತನೇ ತರಗತಿಯ ಮಗನನ್ನು ನಾಲ್ಕೂವರೆಗೆ ಎಬ್ಬಿಸಿ ಕೂರಿಸಿದ್ದಾಗಿದೆ. ವಿಜ್ಞಾನದ ಪುಸ್ತಕದ ಮೇಲೆ ಅವನ ಹಣೆ ತೂಗಾಡುತ್ತಿದೆ, ಪಕ್ಕದ ಹಾಲಿನ ಲೋಟದಲ್ಲಿ ಕೆನೆ ಕಟ್ಟುತ್ತಿದೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಹರೆಯದಲ್ಲಿ ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಸ್ರವಿಸುವ ಹೊತ್ತೇ ಒಂದೆರಡು ತಾಸು ತಡವಾಗುತ್ತದೆ. ಒಂಬತ್ತಕ್ಕೆ ದೀಪ ಆರಿಸಿದರೂ ಹುಡುಗ ಹೊರಳಾಡುತ್ತಿರುತ್ತಾನೆ. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಪ್ರೌಢಶಾಲೆಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಆರಂಭವಾಗಬಾರದು ಎಂದು ಹೇಳಿದ್ದರ ಹಿಂದೆ ಈ ಕಾರಣವೂ ಇತ್ತು.

ರಾತ್ರಿಯ ಓದಿಗೆ ಇನ್ನೊಂದು ಅನುಕೂಲವಿದೆ. ದಿನವಿಡೀ ಕಲಿತದ್ದನ್ನು ಮಿದುಳು ನಿದ್ದೆಯಲ್ಲಿ ಮತ್ತೆ ಮೆಲುಕು ಹಾಕಿ ಗಟ್ಟಿಮಾಡಿಕೊಳ್ಳುತ್ತದೆ. ಆದರೆ ಆ ನಿದ್ದೆಯನ್ನೇ ಕದ್ದು ನಡುರಾತ್ರಿ ದಾಟಿ ಒಂದರವರೆಗೆ ಓದಿದರೆ ಲಾಭವೆಲ್ಲ ಸೋರಿಹೋಗುತ್ತದೆ. ಪುಸ್ತಕದ ಮರೆಯ ಮೊಬೈಲ್ ಬೇರೆ!

ಬೆಳಗಿನ ಜಾವ ಒಗ್ಗುವ ಮಕ್ಕಳೂ ಇದ್ದಾರೆ. ಅವರು ಅಲಾರಂ ಇಲ್ಲದೆ ಏಳುತ್ತಾರೆ, ರಾತ್ರಿ ಊಟವಾದೊಡನೆ ತೂಕಡಿಸುತ್ತಾರೆ. ಹತ್ತರವರೆಗೆ ಧಾರಾವಾಹಿ ಓಡುವ ಒಂದೇ ಕೋಣೆಯ ಮನೆಯಲ್ಲಂತೂ ಬೇರೆ ದಾರಿಯಿಲ್ಲ.

ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ತಾಸು ನಿದ್ದೆ ಬೇಕು. ಶಾಲೆಯ ಬಸ್ಸು ಬರುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ನನ್ನ ಒಲವು ರಾತ್ರಿಯ ಕಡೆಗೆ: ಹತ್ತರವರೆಗೆ ಲೆಕ್ಕ, ಹೊಸ ಪಾಠ; ಬೆಳಿಗ್ಗೆ ಎದ್ದ ಮೇಲೆ ಅರ್ಧ ತಾಸು ಪುಸ್ತಕ ಮುಚ್ಚಿಟ್ಟು ನೆನಪಿಸಿಕೊಳ್ಳುವುದು.