ಮೂರು ವರ್ಷ ಹೊತ್ತು ತಿರುಗಿದ ಆಂಪ್, ಅದರೊಳಗೆ ಕೂತ ಬ್ಯಾಟರಿ

ಗಿಟಾರ್ ಹಿಡಿದು ಒಬ್ಬಳೇ ಹಾಡುತ್ತೇನೆ. ಪಾರ್ಕು, ತಾರಸಿ, ಚಿಕ್ಕ ಕೆಫೆ, ಕರೆದಲ್ಲಿಗೆ ಹೋಗುತ್ತೇನೆ. ಪ್ಲಗ್ ಪಾಯಿಂಟ್ ಎಲ್ಲಿದೆ ಎಂದು ಹುಡುಕುವ ಕಷ್ಟ ಬೇಡ ಅಂತಲೇ ಬ್ಯಾಟರಿ ಆಂಪ್ ಕೊಂಡೆ, ಅಂದರೆ ಮೈಕ್, ಗಿಟಾರಿನ ದನಿ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ. ಇಂಥದ್ದು ಕೊಳ್ಳುವಾಗ ವಾಟ್ಸ್, ಸ್ಪೀಕರ್ ಅಳತೆ ಎಲ್ಲ ನೀವೇ ನೋಡುತ್ತೀರಿ. ಆದರೂ ಒಂದು ಮಾತು. ವಾಟ್ಸ್ ಎರಡು ಪಟ್ಟಾದರೆ ದನಿಯ ಮಟ್ಟ ಹೆಚ್ಚುವುದು ಬರೀ 3 ಡೆಸಿಬೆಲ್. ಬಯಲಲ್ಲಿ ಕೇಳುವವರು ಎರಡು ಪಟ್ಟು ದೂರ ಹೋದರೆ ಕಳೆಯುವುದು 6. ಸುಮ್ನೆ ದೊಡ್ಡದನ್ನು ಕೊಂಡು ಭಾರ ಹೊರುವುದಕ್ಕಿಂತ ಜನರ ಹತ್ತಿರ ನಿಲ್ಲುವುದೇ ವಾಸಿ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಹಿಂದಕ್ಕೆ ಒರಗಿಸಿ ಇಡಬಹುದಾದ ಆಕಾರ. ನೆಲದ ಮೇಲೆ ನೆಟ್ಟಗಿಟ್ಟರೆ ದನಿಯೆಲ್ಲ ಮುಂದಿನವರ ಮೊಣಕಾಲಿಗೇ ಬಡಿಯುತ್ತದೆ, ಅಲ್ವಾ? ಒರಗಿಸಿದರೆ ಕಿವಿಗೆ ಬರುತ್ತದೆ. ಪ್ರತಿ ಸಲ ಮೊದಲು ಮೈಕ್ ಜೋಡಿಸಿ ಎರಡು ಸಾಲು ಹಾಡುತ್ತೇನೆ, ಆಮೇಲೆ ಗಿಟಾರ್, ಆಮೇಲೆ ಹಲವು ತಂತಿ ಒಟ್ಟಿಗೆ ನುಡಿಸುವ ಒಂದು ಕಾರ್ಡ್ ಮೀಟಿ ಅದು ಪೂರ್ತಿ ಕರಗುವವರೆಗೆ ಕೇಬಲ್ ಬಿಟ್ಟಷ್ಟು ದೂರ ನಡೆದು ಕೇಳುತ್ತೇನೆ. ರಿವರ್ಬ್, ಅಂದರೆ ದನಿಗೆ ಸೇರಿಸುವ ಗುಂಯ್‌ಗುಡುವಿಕೆ, ಯಾವಾಗಲೂ ಅಲ್ಲಿಂದ ಬಂದ ಮೇಲೆ ಒಂದಿಷ್ಟು ಕಡಿಮೆ ಮಾಡುವುದೇ. ಆ ಐದು ನಿಮಿಷ ನನಗೆ ಸಂಗೀತ ಕಚೇರಿಯಷ್ಟೇ ಇಷ್ಟ. ಒಂದು ಎಚ್ಚರಿಕೆ: ಗಿಟಾರಿನಲ್ಲಿ ಪೀಜೋ ಪಿಕಪ್ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಟ್ಟಿ) ಇದ್ದು ಒಳಗೆ ಆ ಸಂಕೇತವನ್ನು ಆಂಪ್‌ಗೆ ಹೊಂದಿಸುವ ಪ್ರೀಆಂಪ್ ಇಲ್ಲದಿದ್ದರೆ ಮೈಕ್ ಚಾನೆಲ್‌ಗೆ ಚುಚ್ಚಬೇಡಿ, ತಗಡು ಬಡಿದ ಹಾಗೆ ಕೇಳುತ್ತದೆ. 1 ಮೆಗಾಓಮ್ ಅಥವಾ ಅದಕ್ಕಿಂತ ಜಾಸ್ತಿ ಇಂಪೀಡೆನ್ಸ್ (ವಿದ್ಯುತ್ ಸಂಕೇತಕ್ಕೆ ಒಡ್ಡುವ ತಡೆ) ಇರುವ ಇನ್‌ಪುಟ್ ಬೇಕು.

ಇಷ್ಟು ಹೊಗಳಿದ ಮೇಲೂ ಈ ವರ್ಷ ಇದರ ಮೇಲೆ ಸಿಟ್ಟು ಬಂದಿದೆ. ಬ್ಯಾಟರಿ ಒಳಗೇ ಕೂತಿದೆ, ನಾವು ತೆಗೆಯುವಂತಿಲ್ಲ. ಮೊದಲ ವರ್ಷ ಒಂದು ಸಂಜೆಯಿಡೀ ಬರುತ್ತಿತ್ತು. ಹೋದ ತಿಂಗಳು ಒಂದು ಕಡೆ ಹಾಡುವಾಗ ಚಾರ್ಜ್ ತೋರಿಸುವ ನಾಲ್ಕು ದೀಪಗಳಲ್ಲಿ ಎರಡು ಇನ್ನೂ ಉರಿಯುತ್ತಿದ್ದವು, ದಪ್ಪ ತಂತಿ ಜೋರಾಗಿ ಮೀಟಿದಾಗಲೆಲ್ಲ ದನಿ ಒಡೆಯತೊಡಗಿತು, ಎರಡನೇ ಚರಣದ ನಡುವೆ ಆಂಪ್ ಆರಿಯೇ ಹೋಯಿತು. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಬಹಳ ಹೊತ್ತು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು ಕೊನೆಗೆ ಧಡಕ್ಕನೆ ಬೀಳುತ್ತದೆ, ಅದನ್ನಷ್ಟೇ ಅಳೆಯುವ ದೀಪಗಳನ್ನು ನಂಬುವುದು ಹೇಗೆ? ಉಳಿದ ಹಾಡನ್ನು ಬರೀ ಗಂಟಲಲ್ಲಿ ಮುಗಿಸಿದೆ. ಜನ ಹತ್ತಿರ ಬಂದು ಕೂತರು, ಅದು ಅವರ ದೊಡ್ಡತನ.

ತಪ್ಪು ಸ್ವಲ್ಪ ನನ್ನದೂ ಇದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಇದನ್ನು ಎಷ್ಟೋ ದಿನ ಬಿಟ್ಟಿದ್ದೇನೆ, ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಮೂಲೆಗಿಟ್ಟಿದ್ದೇನೆ. ಎರಡೂ ಲಿಥಿಯಂಗೆ ಆಗಿಬರುವುದಿಲ್ಲ. ಬಳಸದಿದ್ದಾಗ ಅರ್ಧ ಚಾರ್ಜ್‌ನಲ್ಲಿ ತಂಪಾದ ಕಡೆ ಇಡಬೇಕು. ಆದರೂ ಹೊಸದಾಗಿ ಕೊಳ್ಳುವವರು ಮೊದಲು ಕೇಳಬೇಕಾದ್ದು ಬ್ಯಾಟರಿ ಬದಲಿಸಬಹುದೇ ಅಂತ. ರೋಲೆಂಡ್ ಕ್ಯೂಬ್ ಸ್ಟ್ರೀಟ್ ಇಎಕ್ಸ್ ಥರದ ಆಂಪ್‌ಗಳು ಎಂಟು ಎಎ ಸೆಲ್ಲಿನಲ್ಲೇ ನಡೆಯುತ್ತವೆ, ಮುಗಿದರೆ ಚೀಲದಿಂದ ಇನ್ನೆಂಟು ಹಾಕಿದರಾಯಿತು.

ಇದರ ದನಿ ಮಾತ್ರ ಮೊದಲ ದಿನದಷ್ಟೇ ಚೆನ್ನಾಗಿದೆ, ಬಿಡಲು ಮನಸ್ಸಿಲ್ಲ. ಮುಂದಿನ ವಾರ ಬ್ಯಾಟರಿ ಬದಲಿಸಲು ಸರ್ವಿಸ್‌ಗೆ ಕಳಿಸುತ್ತೇನೆ. ಅಲ್ಲಿಯವರೆಗೆ ಹಾಡುಗಳನ್ನು ಐವತ್ತು ನಿಮಿಷಕ್ಕೆ ಇಳಿಸಿದ್ದೇನೆ, ಬೇಸ್ ಗುಂಡಿಯನ್ನೂ ತಗ್ಗಿಸಿದ್ದೇನೆ.