ಡಂಜನ್ಸ್ ಅಂಡ್ ಡ್ರಾಗನ್ಸ್ 2024: ನಿಯಮಕ್ಕೆ ಹೊಸ ಪುಸ್ತಕ, ಪಾತ್ರಕ್ಕೆ ಹಳೆಯದು

ಮೇಜಿನ ಸುತ್ತ ಕೂತು, ಪಾತ್ರಗಳನ್ನು ಕಟ್ಟಿ, ದಾಳ ಉರುಳಿಸಿ ಸಾಹಸಕಥೆಯನ್ನು ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೆಯ ಆವೃತ್ತಿಯ ನಿಯಮಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ 2014ರಲ್ಲಿ ಪ್ರಕಟವಾಗಿತ್ತು. 1974ರಲ್ಲಿ ಹುಟ್ಟಿದ ಈ ಆಟಕ್ಕೆ ಐವತ್ತು ತುಂಬಿದ 2024ರ ಸೆಪ್ಟೆಂಬರ್‌ನಲ್ಲಿ ಅದರ ಪರಿಷ್ಕೃತ ರೂಪ ಹೊರಬಂದಿತು. ಪ್ರಕಾಶಕರು ಇದನ್ನು ಆರನೆಯ ಆವೃತ್ತಿಯೆಂದು ಕರೆದಿಲ್ಲ. ಹಳೆಯ ಸಾಹಸಕಥೆಗಳನ್ನು ಹೊಸ ನಿಯಮಗಳಲ್ಲಿಯೂ ಆಡಬಹುದೆಂಬುದು ಅವರ ಭರವಸೆ. ಪುಣೆಯ ಕೋಥ್ರೂಡ್‌ನಲ್ಲಿ ಶನಿವಾರ ಸಂಜೆ ಸೇರುವ ನಮ್ಮ ಗುಂಪಿನಲ್ಲಿ ಧಾರವಾಡ, ಕುಂದಾಪುರ, ಸೊಲ್ಲಾಪುರ ಕಡೆಯವರಿದ್ದಾರೆ, ಹೆಚ್ಚಿನವರು ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವವರು. ಹಳೆಯ ಪುಸ್ತಕವನ್ನಿಟ್ಟುಕೊಂಡು ವರ್ಷಗಟ್ಟಲೆ ಆಡಿದ ಈ ಗುಂಪು, ನಡೆಯುತ್ತಿದ್ದ ಕಥೆಯನ್ನು ಅರ್ಧದಲ್ಲಿಯೇ ಹೊಸ ನಿಯಮಗಳಿಗೆ ದಾಟಿಸಿತು. ಎರಡೂ ಪುಸ್ತಕಗಳು ಈಗ ಒಂದೇ ಮೇಜಿನ ಮೇಲಿರುವುದರಿಂದ ಹೋಲಿಕೆಗೆ ಅನುಕೂಲವಾಗಿದೆ.

ಪುಸ್ತಕವಾಗಿ ನೋಡಿದರೆ ಹೊಸದೇ ಮೇಲು, ಅದರಲ್ಲಿ ಎರಡು ಮಾತಿಲ್ಲ. 320 ಪುಟಗಳಿದ್ದದ್ದು 384 ಆಗಿದೆ, ಆದರೆ ಮುಖ್ಯವಾದ ಬದಲಾವಣೆ ಜೋಡಣೆಯದು. ಹಳೆಯದು ಪಾತ್ರ ಕಟ್ಟುವುದರಿಂದಲೇ ಆರಂಭವಾಗುತ್ತಿತ್ತು. ಆಡುವ ಕ್ರಮವನ್ನು ವಿವರವಾಗಿ ತಿಳಿಯಲು ಹೊಸಬರು 173ನೆಯ ಪುಟದವರೆಗೆ ಕಾಯಬೇಕಿತ್ತು. ಹೊಸದರಲ್ಲಿ ಮೊದಲ ಅಧ್ಯಾಯವೇ ಆಟದ ಕ್ರಮವನ್ನು ವಿವರಿಸುತ್ತದೆ, ಮೇಜಿನ ಸುತ್ತ ನಡೆಯುವ ಮಾತುಕತೆಯ ಮಾದರಿಯನ್ನು ನಿಯಮದ ವಿವರಣೆಯೊಡನೆ ಕೊಡುತ್ತದೆ. ಕೊನೆಯಲ್ಲಿ ನಿಯಮಗಳ ಅಕಾರಾದಿ ಕೋಶವಿದೆ. ಹಳೆಯ ಪುಸ್ತಕದ ಸೂಚಿಯನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು: ಭೂತಗನ್ನಡಿ ಬೇಡುವಷ್ಟು ಸಣ್ಣ ಅಕ್ಷರ, ಹುಡುಕಿದ ಪದದ ಮುಂದೆ ಪುಟಸಂಖ್ಯೆಯ ಬದಲು ಇನ್ನೊಂದು ಪದವನ್ನು ನೋಡಿರೆಂಬ ಸೂಚನೆ. ಕತ್ತಲಲ್ಲಿ ಅಡಗುವುದಕ್ಕೆ ಏನು ಬೇಕು, ಎದುರಾಳಿಯನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂಬಂತಹ ಪ್ರಶ್ನೆಗಳಿಗೆ ಕಾಳಗವನ್ನು ನಿಲ್ಲಿಸದೆ ಉತ್ತರ ಸಿಗುವುದು ಸಣ್ಣ ಸುಧಾರಣೆಯೇನಲ್ಲ.

ಆಡುವಾಗ ಎದ್ದುಕಾಣುವ ಬದಲಾವಣೆಯೆಂದರೆ ವೆಪನ್ ಮಾಸ್ಟರಿ. ಹಳೆಯ ನಿಯಮದಲ್ಲಿ ಫೈಟರ್ ಯಾವ ಆಯುಧ ಹಿಡಿದರೂ ವ್ಯತ್ಯಾಸ ಹೆಚ್ಚಾಗಿ ಹಾನಿಯ ದಾಳದಲ್ಲಷ್ಟೇ ಇರುತ್ತಿತ್ತು. ಸ್ಪೆಲ್ (ಮಂತ್ರ) ಬಲ್ಲವರು ಪುಟಗಟ್ಟಲೆ ಆಯ್ಕೆಗಳ ನಡುವೆ ಯೋಚಿಸುತ್ತಿದ್ದರೆ ಅವನು ದಾಳ ಉರುಳಿಸಿ ಸುಮ್ಮನೆ ಕೂರುತ್ತಿದ್ದ. ಈಗ ಫೈಟರ್, ಬಾರ್ಬೇರಿಯನ್, ಪ್ಯಾಲಡಿನ್, ರೇಂಜರ್, ರೋಗ್ ಈ ಐದು ಕ್ಲಾಸ್‌ಗಳವರು (ಕ್ಲಾಸ್ ಎಂದರೆ ಪಾತ್ರದ ಬಗೆ) ತಮಗೆ ಪಳಗಿದ ಆಯುಧದ ವಿಶೇಷ ಗುಣವೊಂದನ್ನು ಬಳಸಬಹುದು. ಅಂತಹ ಎಂಟು ಗುಣಗಳಿವೆ: ಗ್ರೇಟ್‌ಸೋರ್ಡ್ ಗುರಿ ತಪ್ಪಿದರೂ ಸ್ವಲ್ಪ ಗಾಯ ಮಾಡುತ್ತದೆ, ಬ್ಯಾಟಲ್‌ಆ್ಯಕ್ಸ್ ಎದುರಾಳಿಯನ್ನು ಕೆಡವಬಲ್ಲದು, ವಾರ್‌ಹ್ಯಾಮರ್ ಅವನನ್ನು ಹತ್ತು ಅಡಿ ಹಿಂದಕ್ಕೆ ತಳ್ಳುತ್ತದೆ. ಕೋಟೆಯ ಅಡುಗೆಮನೆಯೊಂದರಲ್ಲಿ ನಡೆದ ಕಾಳಗದಲ್ಲಿ ನಮ್ಮ ಧಾರವಾಡದ ಗೆಳೆಯರು ಕಾವಲುಗಾರನಿಗೆ ಸುತ್ತಿಗೆಯಿಂದ ಹೊಡೆದು, ನಕ್ಷೆಯ ಮೇಲೆ ಚೌಕ ಎಣಿಸಿ, "ಹತ್ತು ಫೂಟ ಹಿಂದ ಸರದಾನ ಅಂದ್ರ ಒಲ್ಯಾಗ ಬಿದ್ದಾನ್ರಿ" ಎಂದು ಘೋಷಿಸಿದರು. ಒಲೆಯ ಬೆಂಕಿಗೆ ಎಷ್ಟು ಹಾನಿ ಎಂದು ಆಟ ನಡೆಸುವ ಡಿಎಮ್ (ಡಂಜನ್ ಮಾಸ್ಟರ್) ಅಲ್ಲಿಯೇ ತೀರ್ಮಾನಿಸಬೇಕಾಯಿತು. ಹಳೆಯ ನಿಯಮದಲ್ಲೂ ತಳ್ಳಲು ದಾರಿಯಿತ್ತು, ಆದರೆ ಅದಕ್ಕಾಗಿ ಒಂದು ಏಟನ್ನು ಬಿಟ್ಟುಕೊಡಬೇಕಿತ್ತು.

ಇದಕ್ಕೆ ತೆರಬೇಕಾದ ಬೆಲೆ ಸಮಯ. ಬ್ಯಾಟಲ್‌ಆ್ಯಕ್ಸ್‌ನ ಪ್ರತಿ ಏಟು ತಗಲಿದಾಗಲೂ ಡಿಎಮ್ ಎದುರಾಳಿಯ ಪರವಾಗಿ ಸೇವಿಂಗ್ ಥ್ರೋ (ಪರಿಣಾಮದಿಂದ ಪಾರಾಗಲು ಹಾಕುವ ದಾಳ) ಉರುಳಿಸಬೇಕು. ಐದನೆಯ ಲೆವೆಲ್ ತಲುಪಿದ ಫೈಟರ್ ಒಂದು ಸರದಿಯಲ್ಲಿ ಎರಡು ಬಾರಿ, ಆ್ಯಕ್ಷನ್ ಸರ್ಜ್ (ಅದೇ ಸರದಿಯಲ್ಲಿ ಇನ್ನೊಂದು ಕ್ರಿಯೆ) ಬಳಸಿದರೆ ನಾಲ್ಕು ಬಾರಿ ಹೊಡೆಯುವುದರಿಂದ ಕಾಳಗ ಎಳೆಯುತ್ತದೆ. ಯಾರು ಬಿದ್ದಿದ್ದಾರೆ, ಯಾರ ನಡೆ ನಿಧಾನವಾಗಿದೆ ಎಂಬ ಲೆಕ್ಕವನ್ನು ಇಡುವ ಕೆಲಸವೂ ಡಿಎಮ್‌ನ ತಲೆಗೇ ಬೀಳುತ್ತದೆ.

ಉಳಿದ ದುರಸ್ತಿಗಳಲ್ಲಿ ಹೆಚ್ಚಿನವು ಸರಿಯಾಗಿವೆ. ಆಯಾಸಕ್ಕೆ ಇದ್ದ ಆರು ಹಂತಗಳ ಬೇರೆ ಬೇರೆ ಶಿಕ್ಷೆಗಳನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಈಗ ಪ್ರತಿ ಹಂತಕ್ಕೂ ಇಪ್ಪತ್ತು ಮುಖದ ದಾಳದ ಫಲದಿಂದ ಎರಡು ಕಳೆಯಬೇಕು, ನಡೆಯ ವೇಗದಲ್ಲಿ ಐದು ಅಡಿ ಇಳಿಸಬೇಕು, ಆರನೆಯದಕ್ಕೆ ಮೊದಲಿನಂತೆಯೇ ಸಾವು. ಗಾಯ ವಾಸಿಮಾಡುವ ಕ್ಯೂರ್ ವೂಂಡ್ಸ್ ಸ್ಪೆಲ್‌ಗೆ ಎಂಟು ಮುಖದ ಒಂದು ದಾಳದ ಬದಲು ಎರಡು ಸಿಕ್ಕಿವೆ. ಎಲ್ಲ ಹನ್ನೆರಡು ಕ್ಲಾಸ್‌ಗಳಿಗೂ ತಲಾ ನಾಲ್ಕು ಸಬ್‌ಕ್ಲಾಸ್‌ಗಳಿದ್ದು (ಒಳಕವಲುಗಳು), ಎಲ್ಲರೂ ಮೂರನೆಯ ಲೆವೆಲ್‌ನಲ್ಲಿ ಆರಿಸಿಕೊಳ್ಳುತ್ತಾರೆ. ಏಟಿಗೆ ಹೆಚ್ಚುವರಿ ಹಾನಿ ಸೇರಿಸುವ ಪ್ಯಾಲಡಿನ್‌ನ ಡಿವೈನ್ ಸ್ಮೈಟ್ ಈಗ ಬೋನಸ್ ಆ್ಯಕ್ಷನ್ (ಸರದಿಗೊಂದೇ ಸಿಗುವ ಕಿರುಕ್ರಿಯೆ) ಬೇಡುವ ಸ್ಪೆಲ್ ಆಗಿರುವುದರಿಂದ ಒಂದು ಸರದಿಯಲ್ಲಿ ಒಮ್ಮೆ ಮಾತ್ರ ಸಾಧ್ಯ. ನಮ್ಮ ಡಿಎಮ್‌ಗೆ ಇದರಿಂದ ನೆಮ್ಮದಿಯಾಗಿದೆ. ಪ್ಯಾಲಡಿನ್ ಆಡುವವರು ಇನ್ನೂ ಮುನಿಸಿಕೊಂಡಿದ್ದಾರೆ.

ನನ್ನ ತಕರಾರಿರುವುದು ಪಾತ್ರದ ಹಿನ್ನೆಲೆಯ ವಿಚಾರದಲ್ಲಿ. 2014ರ ಪುಸ್ತಕದಲ್ಲಿ ಶಕ್ತಿ, ಬುದ್ಧಿ ಮುಂತಾದ ಅಂಕಗಳ ಹೆಚ್ಚಳ ಜನಾಂಗದಿಂದ ಬರುತ್ತಿತ್ತು. ಡ್ವಾರ್ಫ್ ಎಂಬ ಕುಳ್ಳರ ಜನಾಂಗಕ್ಕೆ ಬುದ್ಧಿಯ ಅಂಕದಲ್ಲಿ ಏನೂ ಸೇರುತ್ತಿರಲಿಲ್ಲವಾದ್ದರಿಂದ ಡ್ವಾರ್ಫ್ ವಿಜರ್ಡ್ (ಬುದ್ಧಿಯನ್ನೇ ನೆಚ್ಚಿದ ಮಾಂತ್ರಿಕ) ಕಟ್ಟುವವರು ನಷ್ಟ ಒಪ್ಪಿಕೊಂಡೇ ಕಟ್ಟಬೇಕಿತ್ತು. ಈ ಕಟ್ಟುಪಾಡನ್ನು ಕಿತ್ತುಹಾಕಿದ್ದು ನ್ಯಾಯವೇ, ಆದರೆ ಅದನ್ನು ಎತ್ತಿ ಬ್ಯಾಕ್‌ಗ್ರೌಂಡ್‌ನ (ಸಾಹಸಕ್ಕೆ ಮೊದಲಿನ ಬದುಕಿನ) ಮೇಲೆ ಹೇರಲಾಗಿದೆ. ಹದಿನಾರು ಬ್ಯಾಕ್‌ಗ್ರೌಂಡ್‌ಗಳಲ್ಲಿ ಪ್ರತಿಯೊಂದಕ್ಕೂ ಮೂರು ಅಂಕಗಳು ನಿಗದಿಯಾಗಿವೆ, ಜೊತೆಗೊಂದು ಫೀಟ್ (ವಿಶೇಷ ಸಾಮರ್ಥ್ಯ) ಕೂಡ. ಫಾರ್ಮರ್‌ಗೆ ಸಿಗುವುದು ಶಕ್ತಿ, ದೇಹದಾರ್ಢ್ಯ, ವಿವೇಕ; ಬುದ್ಧಿ ಮಾತ್ರ ಇಲ್ಲ. ಅಂದರೆ ಈಗ ರೈತನ ಮಗ ವಿಜರ್ಡ್ ಆಗಹೊರಟರೆ ಅಂದು ಡ್ವಾರ್ಫ್ ಉಂಡ ನಷ್ಟವನ್ನು ಅವನು ಉಣ್ಣಬೇಕು. ವಿಜರ್ಡ್‌ಗಳು ಸೇಜ್ (ಪಂಡಿತ) ಆಗಿಯೂ ಫೈಟರ್‌ಗಳು ಸೋಲ್ಜರ್ ಆಗಿಯೂ ಹುಟ್ಟುವುದು ರೂಢಿಯಾಗುತ್ತದೆ. ಒಕ್ಕಲುತನದ ಮನೆಯಿಂದ ಬಂದು ಕಂಪ್ಯೂಟರ್ ಮುಂದೆ ಕೂತವರೇ ಅರ್ಧ ತುಂಬಿರುವ ನಮ್ಮ ಮೇಜಿನಲ್ಲಿ ಇದು ಯಾರಿಗೂ ರುಚಿಸಲಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ಕೋಷ್ಟಕಗಳದ್ದು. ಹಳೆಯ ಪುಸ್ತಕದ ಹದಿಮೂರು ಬ್ಯಾಕ್‌ಗ್ರೌಂಡ್‌ಗಳಲ್ಲಿ ಒಂದೊಂದಕ್ಕೂ ಎಂಟು ಸ್ವಭಾವಗಳು, ಆರು ಆದರ್ಶಗಳು, ಆರು ಬಂಧಗಳು, ಆರು ದೌರ್ಬಲ್ಯಗಳು ಅಚ್ಚಾಗಿದ್ದವು. ಪಾತ್ರವನ್ನು ಹೇಗೆ ಆಡಿಸಬೇಕೆಂದು ತೋಚದ ಹೊಸಬರು ದಾಳ ಉರುಳಿಸಿದರೆ, ಆ ಪಾತ್ರಕ್ಕೆ ಯಾರ ಋಣವಿದೆ, ಯಾವ ಚಟವಿದೆ ಎಂಬುದಾದರೂ ಕೈಗೆ ಸಿಗುತ್ತಿತ್ತು. ಫೋಕ್ ಹೀರೋ ಎಂಬ ಬ್ಯಾಕ್‌ಗ್ರೌಂಡ್‌ನವರಿಗೆ ಹಳ್ಳಿಯ ಜನ ಅಡಗಲು ಜಾಗ ಕೊಡುತ್ತಾರೆಂಬ ನಿಯಮವೇ ಇತ್ತು, ಅದರಿಂದ ಕಥೆಯ ಎಷ್ಟೋ ಕವಲುಗಳು ಹುಟ್ಟುತ್ತಿದ್ದವು. ಹೊಸದರಲ್ಲಿ ಫೋಕ್ ಹೀರೋ ಇಲ್ಲ. ಸ್ವಭಾವಕ್ಕೆಂದು ಉಳಿದಿರುವುದು ಅಂಕಗಳಿಗೂ ಧರ್ಮಾಧರ್ಮದ ಒಲವಿಗೂ ಹೊಂದಿಸಿದ ಒಂದೊಂದು ಪದದ ವಿಶೇಷಣಗಳ ಪಟ್ಟಿ. ಚಿತ್ರಗಳು ಚೆಲುವಾಗಿವೆ, ನಿಜ, ಆದರೆ ಚಿತ್ರದಿಂದ ಪಾತ್ರಕ್ಕೆ ಸಾಲ ಹುಟ್ಟುವುದಿಲ್ಲ.

ಪರಿಹಾರ ಅದೇ ಪುಸ್ತಕದೊಳಗೇ ಇದೆ. ಹಳೆಯ ಪುಸ್ತಕಗಳ ಬ್ಯಾಕ್‌ಗ್ರೌಂಡ್ ಬಳಸುವವರು ತಮಗೆ ಬೇಕಾದ ಒಂದು ಅಂಕಕ್ಕೆ ಎರಡನ್ನೂ ಇನ್ನೊಂದಕ್ಕೆ ಒಂದನ್ನೂ, ಇಲ್ಲವೇ ಮೂರಕ್ಕೆ ಒಂದೊಂದನ್ನೂ ಸೇರಿಸಿಕೊಳ್ಳಬಹುದು, ಆರಂಭದ ಫೀಟ್ ಒಂದನ್ನು ಸ್ವಂತ ಇಚ್ಛೆಯಿಂದ ಆರಿಸಬಹುದು ಎಂದು ಚೌಕಟ್ಟಿನಲ್ಲಿ ಹಾಕಿದ ಟಿಪ್ಪಣಿಯೊಂದು ಹೇಳುತ್ತದೆ. ಹಳೆಯ ಬ್ಯಾಕ್‌ಗ್ರೌಂಡ್ ತಂದವರಿಗೆ ಹೊಸದನ್ನು ಆರಿಸಿದವರಿಗಿಂತ ಹೆಚ್ಚು ಸ್ವಾತಂತ್ರ್ಯವೆಂಬುದು ವಿಚಿತ್ರವಾದರೂ ನಮಗೆ ಅನುಕೂಲವೇ ಆಯಿತು. ನಮ್ಮ ಮೇಜಿನಲ್ಲಿ ಈಗ ಪಾತ್ರ ಹುಟ್ಟುವುದು 2014ರ ಪುಟಗಳಲ್ಲಿ, ಕಾಳಗ ನಡೆಯುವುದು 2024ರ ನಿಯಮದಲ್ಲಿ.

ಕೊಳ್ಳುವವರಿಗೆ ಒಂದು ಮಾತು. ಇದರ ಮೂಲ ಬೆಲೆ 49.99 ಡಾಲರ್. ಅಪ್ಪಾ ಬಳವಂತ ಚೌಕದಲ್ಲಿ ಪಠ್ಯಪುಸ್ತಕ ಕೊಂಡಷ್ಟು ಸುಲಭವಾಗಿ ಸಿಗುವ ವಸ್ತುವಲ್ಲ, ಆನ್‌ಲೈನ್‌ನಲ್ಲಿ ತರಿಸುವುದೇ ಸಲೀಸು. ಹಳೆಯದು ಕೈಯಲ್ಲಿದ್ದರೆ ಗುಂಪಿಗೊಂದು ಹೊಸ ಪ್ರತಿ ಸಾಕು, ಹಳೆಯದನ್ನು ಮಾತ್ರ ಮಾರಬೇಡಿ. ಹೊಸದಾಗಿ ಆರಂಭಿಸುವವರು 2025ರಲ್ಲಿ ಉಚಿತವಾಗಿ ಬಿಡುಗಡೆಯಾದ ಮೂಲ ನಿಯಮಗಳ ಸಂಗ್ರಹ ಎಸ್‌ಆರ್‌ಡಿ 5.2ರಿಂದ ಆಡಿ ನೋಡಬಹುದು; ಅದರಲ್ಲಿ ಕ್ಲಾಸ್‌ಗೆ ಒಂದರಂತೆ ಸಬ್‌ಕ್ಲಾಸ್, ನಾಲ್ಕೇ ಬ್ಯಾಕ್‌ಗ್ರೌಂಡ್. ರಾಕ್ಷಸರ ವಿವರಗಳ ಪುಸ್ತಕವಾದ ಹೊಸ ಮಾನ್‌ಸ್ಟರ್ ಮ್ಯಾನುಯಲ್ ಅವಸರದಿಂದ ಕೊಳ್ಳಬೇಕಿಲ್ಲ. ಆದರೆ ಹೊಸ ಪಾತ್ರಗಳು ಹಳೆಯವಕ್ಕಿಂತ ಬಲಿಷ್ಠವಾಗಿರುವುದರಿಂದ, 2014ರ ರಾಕ್ಷಸರಿಂದಲೇ ಕೆಲಸ ಸಾಗಿಸುವ ಡಿಎಮ್‌ಗಳು ಪ್ರತಿ ಕಾಳಗಕ್ಕೆ ಒಂದಿಬ್ಬರನ್ನು ಹೆಚ್ಚಿಗೆ ಇಳಿಸಬೇಕಾಗುತ್ತದೆ.