ಸ್ನೆಟ್ಜ್ಲರ್ ಆರ್ಗನ್ನಾ, ಗ್ರೀನ್ ಆರ್ಗನ್ನಾ? ಎರಡನ್ನೂ ನುಡಿಸಿದ್ಮೇಲೆ

ಚೇಂಬರ್ ಆರ್ಗನ್ ಅಂದ್ರೆ ಚರ್ಚಲ್ಲಿರೋ ದೊಡ್ಡ ಪೈಪ್ ಆರ್ಗನ್ ಅಲ್ಲ, 18ನೇ ಶತಮಾನದಲ್ಲಿ ಇಂಗ್ಲೆಂಡಿನ ಸಾಹುಕಾರರು ಮನೇಲಿ ಇಟ್ಕೊಳ್ತಿದ್ದ ಚಿಕ್ಕದು, ಹೊರಗಿಂದ ಮಹಾಗನಿ ಬೀರು ಥರಾನೇ ಕಾಣತ್ತೆ. ನಂಗೆ ಜಾನ್ ಸ್ನೆಟ್ಜ್ಲರ್ ಕಟ್ಟಿದ್ದೊಂದು, ಸ್ಯಾಮ್ಯುಯೆಲ್ ಗ್ರೀನ್ ಕಟ್ಟಿದ್ದೊಂದು ನುಡಿಸೋಕೆ ಸಿಕ್ತು, ಎರಡರಲ್ಲೂ ಅದೇ ಕಾಲದ ಇಂಗ್ಲಿಷ್ ಸಂಗೀತಗಾರ ಜಾನ್ ಸ್ಟ್ಯಾನ್ಲಿಯ ವಾಲಂಟರಿಗಳನ್ನೇ, ಅಂದ್ರೆ ಆರ್ಗನ್‌ಗೆ ಅಂತಲೇ ಬರೆದ ಕೃತಿಗಳನ್ನೇ, ನುಡಿಸಿ ನೋಡ್ದೆ.

ಕಟ್ಟೋ ಕ್ರಮ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಎದುರಿಗೆ ಹೊಳೆಯೋ ಪೈಪುಗಳು ಬರೀ ಶೋ, ಅರ್ಧ ದುಂಡಗಿನ ಮರಕ್ಕೆ ಚಿನ್ನದ ಲೇಪ ಅಷ್ಟೇ, ಬೆರಳಲ್ಲಿ ತಟ್ಟಿದ್ರೆ ಟಕ್ ಟಕ್ ಅನ್ನತ್ತೆ. ನಿಜವಾದ್ದು ಹಿಂದೆ. ಜಾಗ ಉಳಿಸೋಕೆ ಸ್ಟಾಪ್ಡ್ ಡಯಾಪಸನ್ ಅಂತ ಮರದ ಪೈಪುಗಳು, ತುದಿಗೆ ಬಿರಡೆ ಹಾಕಿರ್ತಾರೆ, ಹಾಗಾಗಿ 4 ಅಡಿ ಪೈಪು 8 ಅಡಿದರ ಶ್ರುತಿ ಕೊಡತ್ತೆ. ಕಾಲಲ್ಲಿ ನುಡಿಸೋ ಪೆಡಲ್ ಇಲ್ಲ, ಕೆಳಗಿರೋದು ತಿದಿ ಒತ್ತೋಕೆ.

ಇಷ್ಟಾದ್ಮೇಲೆ ಎರಡೂ ಬೇರೆ ದಾರಿ ಹಿಡೀತವೆ. ಸ್ನೆಟ್ಜ್ಲರ್ 1710ರಲ್ಲಿ ಸ್ವಿಟ್ಜರ್ಲೆಂಡಲ್ಲಿ ಹುಟ್ಟಿ ಲಂಡನ್ನಿಗೆ ಬಂದೋನು, ಅವನ ಆರ್ಗನ್ ದನಿ ಖಣಿಖಣಿ. ನಂಗೆ ಇಷ್ಟ ಆಗಿದ್ದು ಅದರ ಕಾರ್ನೆಟ್ ಸ್ಟಾಪ್ (ಸ್ಟಾಪ್ ಅಂದ್ರೆ ನಾಬ್ ಎಳೆದ್ರೆ ನುಡಿಯೋ ಪೈಪುಗಳ ಒಂದು ಗುಂಪು). ಆ ಸ್ಟಾಪನ್ನ ಕೀಬೋರ್ಡಿನ ನಡು ಸಿ (ಮಧ್ಯದಲ್ಲಿರೋ C ಸ್ವರದ ಕೀಲಿ) ಹತ್ರ ಎರಡು ತುಂಡು ಮಾಡಿರ್ತಾರೆ, ಎಡಗಡೆ ಅರ್ಧಕ್ಕೆ ಸೆಸ್ಕ್ವಿಯಾಲ್ಟ್ರಾ, ಬಲಗಡೆ ಅರ್ಧಕ್ಕೆ ಕಾರ್ನೆಟ್ ಅಂತ ಹೆಸರು, ಎರಡಕ್ಕೂ ಬೇರೆ ನಾಬ್. ಬರೀ ಕಾರ್ನೆಟ್ ಎಳೆದ್ರೆ ಬಲಗೈ ರಾಗ ಎದ್ದು ಕೇಳತ್ತೆ, ಎಡಗೈ ಮೆತ್ತಗೇ ಇರತ್ತೆ, ಒಂದೇ ಕೀಬೋರ್ಡಲ್ಲಿ ಎರಡರ ಕೆಲ್ಸ! ಎಡಗೈ ಮೈಮರೆತು ನಡು ಸಿ ದಾಟ್ತೋ, ಅದೂ ಕಿರುಚತ್ತೆ. ಇನ್ನೊಂದು ಪೆಡಲ್ ತುಳಿದ್ರೆ ಜೋರಿನ ಸ್ಟಾಪ್‌ಗಳೆಲ್ಲ ಗಪ್‌ಚುಪ್, ಕಾಲು ತೆಗೆದ್ರೆ ವಾಪಸ್, ಸ್ಟ್ಯಾನ್ಲಿಯ ಎಕೋ (ಪ್ರತಿಧ್ವನಿ ಥರ ಮೆತ್ತಗೆ ನುಡಿಸೋ) ಭಾಗಗಳಿಗೆ ಇದಕ್ಕಿಂತ ಇನ್ನೇನ್ ಬೇಕು.

ಗ್ರೀನ್ ಮಾಡಿದ್ದು ತೀರಾ ನಾಜೂಕು. ಮೂರನೇ ಜಾರ್ಜ್ ರಾಜನಿಗೆ ಬೇಕಾದೋನು ಇವನು, ವಿಂಡ್ಸರ್‌ನ ಸೇಂಟ್ ಜಾರ್ಜ್ ಚಾಪೆಲ್‌ಗೆ 1790ರಲ್ಲಿ ಆರ್ಗನ್ ಕಟ್ಟಿದೋನು. ನಾನು ನುಡಿಸಿದ್ದರಲ್ಲಿ ಪೈಪುಗಳು ಒಂದು ಪೆಟ್ಟಿಗೆಯೊಳಗಿದ್ವು, ಕಾಲಲ್ಲಿ ಅದನ್ನ ತೆರೆದ್ರೆ ದನಿ ಮೆಲ್ಲಗೆ ಉಬ್ಬತ್ತೆ, ಯಾರಾದ್ರೂ ಹಾಡ್ತಿದ್ರೆ ಕೇಳೋಕೆ ಸಖತ್. ಆದ್ರೆ ಸ್ವರಗಳು ಬೇಗ ಬೇಗ ಓಡೋ ಫ್ಯೂಗ್ (ಒಂದೇ ರಾಗ ಒಂದರ ಹಿಂದೊಂದು ಬೇರೆ ಬೇರೆ ದನಿಗಳಲ್ಲಿ ಬರೋ ಕೃತಿ) ನುಡಿಸಿ, ಎಲ್ಲ ಒಂದಕ್ಕೊಂದು ಅಂಟ್ಕೊಂಡು ಮಸುಕಾಗತ್ತೆ, ನಂಗಂತೂ ಬೋರ್ ಆಯ್ತು.

ಬ್ಯಾರೆಲ್ ಆರ್ಗನ್ ಕೂಡ ತಿರುಗಿಸ್ದೆ, ಮರದ ಸಿಲಿಂಡರಿಗೆ ಪಿನ್ ಹೊಡೆದಿರೋದು, ಹಿಡಿಕೆ ತಿರುಗಿಸಿದ್ರೆ ತಾನೇ ನುಡಿಯತ್ತೆ, ನಮ್ಗೇನೂ ಕೆಲ್ಸ ಇಲ್ಲ. ಅಂದಹಾಗೆ 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ಕೊಂಡು ಹೋದ ಟಿಪ್ಪು ಹುಲಿ ಅನ್ನೋ ಮರದ ಯಂತ್ರಬೊಂಬೆಯ ಪಕ್ಕೆ ಒಳಗೂ 18 ಕೀಲಿಯ ಪುಟ್ಟ ಪೈಪ್ ಆರ್ಗನ್ ಇದೆ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿ, ಅದನ್ನ ಮಾತ್ರ ಗಾಜಿನಾಚೆಯಿಂದ್ಲೇ ನೋಡ್ಬೇಕು.

ಮನೇಲಿ ಹಾಡೋರಿದ್ರೆ ಗ್ರೀನ್, ಇಲ್ದಿದ್ರೆ ಕಣ್ಮುಚ್ಕೊಂಡು ಸ್ನೆಟ್ಜ್ಲರ್. ಈಗ ತುಂಬ ಆರ್ಗನ್‌ಗಳಿಗೆ ಗಾಳಿ ಊದೋ ಕರೆಂಟ್ ಬ್ಲೋಯರ್ ಹಾಕಿರ್ತಾರೆ, ಚಾನ್ಸ್ ಸಿಕ್ರೆ ಅದನ್ನ ಆಫ್ ಮಾಡ್ಸಿ ಕಾಲಲ್ಲೇ ಗಾಳಿ ಒತ್ತಿ ನುಡಿಸಿ, ಉದ್ದ ಸ್ವರ ಹಿಡಿದಾಗ ಗಾಳಿ ಎಷ್ಟು ಉಳಿದಿದೆ ಅಂತ ಪಾದಕ್ಕೇ ಗೊತ್ತಾಗತ್ತೆ.